ಸೇನಾಪತಿ ಹೆತ್ತ ಕಥೆ

ಮಾವನ ಬಾಯಿಂದ ಒಂದೇ ಒಂದು ಸಲ ‘ಅಳಿಯಂದಿರೇ’ ಅನ್ನಿಸಿಕೊಳ್ಳಬೇಕು. ಗೋಂದಣ್ಣನಿಗೆ ಜೀವನದಲ್ಲಿ ಬಾಕಿ ಉಳಿದಿದ್ದ ಆಸೆ ಇದೊಂದೇ. ಮಿಕ್ಕಿದ್ದೆಲ್ಲ ಇತ್ತು. ಪ್ರೆಸ್ಸಿನಲ್ಲಿ ಪುಸ್ತಕ ಬೈಂಡ್ ಮಾಡುವ ಖಾಯಂ ಕೆಲಸ, ಬಾಡಿಗೆಯದಾದರೂ ಗಾಳಿ ಬೆಳಕಿನ ಮನೆ, ಗಂಡನ ಪೆದ್ದುತನವನ್ನು ನಾಲ್ಕು ಗೋಡೆಯೊಳಗೇ ಬೈದು ಮುಗಿಸುವ ಒಳ್ಳೆಯ ಹೆಂಡತಿ. ಬೆರಳಿಗೆ ಸದಾ ಅಂಟು ಮೆತ್ತಿಕೊಂಡಿರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಗೋಂದಣ್ಣ. ಅದನ್ನೂ ಅವನು ಬಿರುದಿನ ಹಾಗೆ ಹೊತ್ತುಕೊಂಡು ಓಡಾಡುತ್ತಿದ್ದ.

ಆದರೆ ಮಾವ! ಅವರು ನಿವೃತ್ತ ಹೆಡ್‌ಮಾಸ್ತರು. ಮಗಳ ಮದುವೆಯಾದಂದಿನಿಂದ ಅಳಿಯನ ಜೊತೆ ನೇರವಾಗಿ ಒಂದು ಮಾತಾಡಿದವರಲ್ಲ. ಭಾನುವಾರ ಭಾನುವಾರ ಬಂದು ಕುರ್ಚಿಯಲ್ಲಿ ಕೂರುವರು. ಅಳಿಯ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದರೂ ಅಡುಗೆಮನೆಯ ಕಡೆ ತಿರುಗಿ, “ಮಗಳೇ, ನಿನ್ನ ಗಂಡನಿಗೆ ಹೇಳು, ಫ್ಯಾನ್ ಹಾಕ್ಲಿ” ಎನ್ನುವರು. ಮಗಳು ಅಲ್ಲಿಂದಲೇ “ರೀ, ಫ್ಯಾನಂತೆ” ಎಂದು ಕೂಗುವಳು. ಗೋಂದಣ್ಣ ಹಾಕುವನು. ಮಾತು ಹೀಗೆ ಸುತ್ತು ಹಾಕಿಕೊಂಡು ಬರುವಷ್ಟರಲ್ಲಿ ಮಾವನ ಬೆವರು ತಾನಾಗಿಯೇ ಆರಿರುತ್ತಿತ್ತು.

ಮಾವನ ದೂರು ಒಂದೇ. “ದಿನಾ ರಾಶಿ ರಾಶಿ ಪುಸ್ತಕ ಮುಟ್ತಾನೆ, ಒಂದನ್ನೂ ಓದಲ್ಲ. ಪಾತ್ರೆಯಲ್ಲೇ ಮುಳುಗಿದ್ರೂ ಸೌಟಿಗೆ ರುಚಿ ಗೊತ್ತಾಗುತ್ತಾ?” ಇದು ಸುಳ್ಳೇನಲ್ಲ. ಗೋಂದಣ್ಣನಿಗೆ ಪುಸ್ತಕವೆಂದರೆ ಬೆನ್ನು, ರಟ್ಟು, ಹೊಲಿಗೆ. ಒಳಗಿನ ಅಕ್ಷರ ಅವನ ಇಲಾಖೆಗೆ ಸೇರಿದ್ದಲ್ಲ.

ಇಂಥ ಮಾವ ಕಾದಂಬರಿ ಬರೆದರು. ಹೆಸರು ‘ಮೂವತ್ತು ಶಾಪಗಳ ಸಿಂಹಾಸನ’. ಮೋಡದ ಮೇಲೊಂದು ಅರಮನೆ, ಅದರಲ್ಲಿ ರಾಜನಿಗೆ ಹೊಂಚು ಹಾಕುವ ಮಂತ್ರಿ, ಮಂತ್ರಿಗೆ ಹೊಂಚು ಹಾಕುವ ರಾಣಿ, ರಾಣಿಗೆ ಹೊಂಚು ಹಾಕುವ ದಾಸಿ. ಇವರೆಲ್ಲರ ತಲೆಯ ಮೇಲೆ ಶಾಪ ಕೊಡಲು ತುದಿಗಾಲಲ್ಲಿ ನಿಂತ ಮೂವತ್ತು ಮಂದಿ ದೇವತೆಗಳು. ಮೇಲೆ ಒಬ್ಬ ದೇವರು ಸೀನಿದರೆ ಕೆಳಗೆ ಒಂದು ವಂಶ ನಿರ್ವಂಶ! ಅವರೆಲ್ಲರಿಗಿಂತ ಪ್ರಬಲನಾದವನು ಮರೆವಿನ ದೇವರು. ಮಾವ ಬರೆದ ಹಾಳೆಗಳ ರಟ್ಟೆ ಗಾತ್ರದ ಕಟ್ಟನ್ನು ಮಗಳ ಕೈಗಿಟ್ಟು, “ನಿನ್ನ ಗಂಡನಿಗೆ ಕೊಡು. ಇದನ್ನಾದ್ರೂ ಓದ್ಲಿ” ಎಂದರು.

ಗೋಂದಣ್ಣ ಓದಲು ಕೂತ. ಮೂರನೇ ಪುಟ ಮುಗಿದರೂ ರಾಜ ಸಿಂಹಾಸನದ ಮೆಟ್ಟಿಲು ಹತ್ತುತ್ತಲೇ ಇದ್ದ. ರಾಜ ಮೇಲೆ ಹತ್ತಿದಷ್ಟೂ ಗೋಂದಣ್ಣನ ರೆಪ್ಪೆ ಕೆಳಗಿಳಿಯಿತು. ಅಲ್ಲಿಗೆ ಅವನ ಓದು ಸಮಾಪ್ತವಾಯಿತು.

ಮುಂದಿನ ಭಾನುವಾರ ಮಾವ ಅಡುಗೆಮನೆಯತ್ತ ತಿರುಗಿ, “ಓದಿದನಾ ಕೇಳು” ಎಂದರು. ಮಗಳು ಬಾಯಿ ತೆರೆಯುವ ಮೊದಲೇ ಗೋಂದಣ್ಣನ ಬಾಯಿಯೇ ಜಾರಿತು.

“ಎರಡು ಸಲ ಓದಿದೆ, ಮಾವ! ಎರಡನೇ ಸಲ ಅಳು ತಡೆಯೋಕಾಗ್ಲಿಲ್ಲ.”

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಮಾವ ನಿಧಾನಕ್ಕೆ ಕತ್ತು ತಿರುಗಿಸಿ ಅಳಿಯನನ್ನು ನೋಡಿದರು. ಮದುವೆಯ ದಿನ ಬಿಟ್ಟರೆ ಅವರು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ಆಮೇಲೆ ಮತ್ತೆ ಅಡುಗೆಮನೆಗೆ ತಿರುಗಿ, “ಹಾಗಾದ್ರೆ ಪುಸ್ತಕ ಅವನ ಪ್ರೆಸ್ಸಲ್ಲೇ ಆಗ್ಲಿ. ಜೋಡಿಸೋದು ಅವನೇ. ಚೆನ್ನಾಗಿ ಬಂತು ಅಂದ್ರೆ ಆಮೇಲೆ ನಾನೇ ಅವನ ಹತ್ರ ಮಾತಾಡ್ತೀನಿ, ನೇರವಾಗಿ” ಎಂದರು.

ಮಾವ ಹೋದ ಮೇಲೆ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. “ನಿಜವಾಗ್ಲೂ ಓದಿದ್ರಾ?”

“ಓದಿದೆ ಅಂದ್ರೆ ಓದಿದೆ ಕಣೇ.”

“ಕಣ್ಣೀರು ಬಂತಾ?”

“ಆಕಳಿಸಿದ್ರೂ ಬರುತ್ತಲ್ಲ” ಎಂದು ಗೋಂದಣ್ಣ ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದ.

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರೆ. ಓದದೆಯೇ ಮುಡಿದ ಆ ಹೂವು ಹೇಗೆ ಮುಳ್ಳಾಯಿತೆಂಬುದನ್ನು ತಿಳಿಯಬೇಕಾದರೆ ಪ್ರೆಸ್ಸಿನ ಒಂದು ಪದ್ಧತಿ ಗೊತ್ತಿರಬೇಕು. ಪುಸ್ತಕವನ್ನು ಪುಟಪುಟವಾಗಿ ಅಚ್ಚು ಹಾಕುವುದಿಲ್ಲ. ಒಂದು ದೊಡ್ಡ ಹಾಳೆಯ ಮೇಲೆ ಹದಿನಾರು ಪುಟ ಅಚ್ಚಾಗುತ್ತವೆ. ಅದನ್ನು ಮಡಿಸಿದರೆ ಒಂದು ಫಾರಂ. ಫಾರಂಗಳನ್ನು ಒಂದರ ಹಿಂದೊಂದು ಇಟ್ಟು ಹೊಲಿದರೆ ಪುಸ್ತಕ. ಯಾವುದರ ಹಿಂದೆ ಯಾವುದು ಎಂದು ತಿಳಿಯಲಿಕ್ಕೆ ಪುಟದ ಅಂಕಿ ಇರುತ್ತದೆ, ಫಾರಂ ಬುಡದಲ್ಲೂ ಸಣ್ಣದೊಂದು ಅಂಕಿ ಇರುತ್ತದೆ. ಕುರುಡನೂ ತಪ್ಪು ಮಾಡಲಾರ.

ಆದರೆ ಮಾವ ಪ್ರೆಸ್ಸಿನ ಯಜಮಾನರ ಮುಂದೆ ಕೂತು ಹೇಳಿದ್ದರು. “ನನ್ನ ಪುಸ್ತಕದಲ್ಲಿ ಅಂಕಿ ಬೇಡ. ದೇವಲೋಕದ ಕಾಲಕ್ಕೆ ಲೆಕ್ಕ ಇದೆಯೇನ್ರಿ? ಅಧ್ಯಾಯವೂ ಬೇಡ. ನದಿಗೆ ಅಧ್ಯಾಯ ಇರುತ್ತಾ?”

“ಅಲ್ಲ ಸಾರ್, ಜೋಡಿಸೋರಿಗೆ ಗೊತ್ತಾಗ್ಬೇಕಲ್ಲ?”

“ಒಂದೊಂದು ಫಾರಮ್ಮಿಗೆ ಒಬ್ಬೊಬ್ಬ ದೇವರ ವಾಹನದ ಚಿತ್ರ ಹಾಕಿ. ಕಾದಂಬರಿಯಲ್ಲಿ ದೇವರು ಬರೋ ಕ್ರಮದಲ್ಲಿ ವಾಹನ. ಓದಿದವರಿಗೆ ಗೊತ್ತೇ ಇರುತ್ತೆ.” ಇಷ್ಟು ಹೇಳಿ ಗೋಂದಣ್ಣ ನಿಂತಿದ್ದ ಮೂಲೆಯ ಕಡೆ ಅರೆನೋಟ ಬೀರಿದರು. “ಎರಡೆರಡು ಸಲ ಓದಿದವರಂತೂ ಕಣ್ಣು ಮುಚ್ಚಿ ಜೋಡಿಸ್ತಾರೆ.”

ಗೋಂದಣ್ಣ ಕಣ್ಣು ಮುಚ್ಚಿದ. ಬೇರೇನೂ ತೋಚಲಿಲ್ಲ.

ಬೈಂಡಿಂಗ್ ಕೋಣೆಯ ಉದ್ದನೆ ಮೇಜಿನ ಮೇಲೆ ಫಾರಂಗಳ ಮೂವತ್ತು ಗುಡ್ಡೆ. ಆನೆ, ಆಮೆ, ಹಂಸ, ಗೂಬೆ, ಹಾವು, ಕುದುರೆ, ಜಿಂಕೆ, ಹುಲಿ, ಮೊಸಳೆ, ಬಸವನಹುಳು! ಕೊನೆಗೆ ಒಂದು ಕಪ್ಪೆ ಕೂಡ ಅವನನ್ನೇ ದಿಟ್ಟಿಸಿ ನೋಡುತ್ತಿತ್ತು. ಶೀರ್ಷಿಕೆ ಪುಟದ ಹಾಳೆ ಬೇರೆ ಇತ್ತು, ಅದೇನೋ ಮೊದಲು ಬರುತ್ತದೆ. ಆಮೇಲೆ? ಬರೆದ ಪ್ರತಿ ಮಾವನ ಮನೆ ಸೇರಿಯಾಗಿತ್ತು. ಕೇಳಿದರೆ ಓದಿಲ್ಲವೆಂದು ಗೊತ್ತಾಗುತ್ತದೆ. ಗೊತ್ತಾದರೆ ಈ ಜನ್ಮದಲ್ಲಿ ನೇರ ಮಾತಿಲ್ಲ. ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡು, ಕೂದಲಿಗೆಲ್ಲ ಅಂಟು ಬಳಿದುಕೊಂಡ ಮೇಲೆ ಅವನಿಗೆ ಮಿಂಚಿನಂತೆ ಒಂದು ಯೋಚನೆ ಹೊಳೆಯಿತು. ಕಥೆ ಎಂದ ಮೇಲೆ ಓಡಬೇಕು! ಓಡಬೇಕಾದರೆ ಜೋರಾಗಿ ಓಡುವ ಪ್ರಾಣಿ ಮುಂದೆ, ನಿಧಾನದ್ದು ಹಿಂದೆ!

ಅವನು ಸಂಭ್ರಮದಿಂದ ಪಕ್ಕದ ಕೋಣೆಗೆ ಓಡಿ, ಅಚ್ಚಿನ ಯಂತ್ರ ಓಡಿಸುವ ಮಷೀನಣ್ಣನ ಕಿವಿಯಲ್ಲಿ ಕಿರುಚಿದ. “ಜಿಂಕೆ ಜೋರೋ, ಕುದುರೆ ಜೋರೋ?”

ಮಷೀನಣ್ಣ ಯಂತ್ರ ನಿಲ್ಲಿಸಿ ಗಂಭೀರವಾಗಿ ಯೋಚಿಸಿದ. “ಹಿಂದೆ ಯಾರಿದಾರೆ ಅನ್ನೋದ್ರ ಮೇಲೆ ಹೋಗುತ್ತೆ.”

“ಹುಲಿ ಇದೆ.”

“ಹುಲಿ ಇದ್ರೆ ಜಿಂಕೆ ಮುಂದೆ, ಹುಲಿ ಹಿಂದೆ. ಕುದುರೆ ಇದರಲ್ಲಿ ತಲೆ ಹಾಕಲ್ಲ.”

“ಆಮೆ, ಬಸವನಹುಳು?”

“ಆಮೆಗೆ ಕಾಲಾದ್ರೂ ಇದೆಯಲ್ಲಪ್ಪ!”

ಹೀಗೆ ಜಿಂಕೆಯಿಂದ ಶುರುವಾದ ದೇವಲೋಕ ಬಸವನಹುಳುವಿಗೆ ಬಂದು ನಿಂತಿತು. ಹೊಲಿಗೆಯಾಯಿತು, ಅಂಟಾಯಿತು, ರಟ್ಟು ಕೂತಿತು. ಕೈಗೆ ತೆಗೆದುಕೊಂಡರೆ ಪುಸ್ತಕ ಇಟ್ಟಿಗೆಯ ಹಾಗೆ ಗಟ್ಟಿ. ಇಷ್ಟು ಅಂದವಾಗಿ ಬೈಂಡ್ ಆದ ಪುಸ್ತಕದೊಳಗೆ ಏನಾದರೂ ತಪ್ಪಿರಲು ಸಾಧ್ಯವೇ ಎಂದು ಅವನಿಗೇ ಅನ್ನಿಸಿತು.

ಬೆನ್ನಿನ ಅಂಟು ಆರುವ ಮುಂಚೆಯೇ ಲೈಬ್ರರಿ ಹಾಲಿನಲ್ಲಿ ಬಿಡುಗಡೆ. ಮುಖ್ಯ ಅತಿಥಿಗಳು ನಿವೃತ್ತ ನ್ಯಾಯಾಧೀಶರು. ಅವರು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, “ಇಷ್ಟು ದೊಡ್ಡ ಗ್ರಂಥವನ್ನು ನಾನು ಓದದೆಯೇ ಮೆಚ್ಚಿದ್ದೇನೆ” ಎಂದು ತೀರ್ಪು ಕೊಟ್ಟರು. ಚಪ್ಪಾಳೆ ಬಿತ್ತು. ಮಾವ ಆನಂದಬಾಷ್ಪ ಒರೆಸಿಕೊಂಡು, ತಮ್ಮ ಪ್ರತಿಯನ್ನು ಮನೆಗೆ ಒಯ್ದು, ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದರು. ನೋಡುವವರೆಲ್ಲ ಗಾಜಿನ ಆಚೆಯಿಂದಲೇ ನೋಡಬೇಕು, ಅವರನ್ನೂ ಸೇರಿಸಿ.

ಬಾಂಬು ಸಿಡಿದದ್ದು ಗೋಂದಣ್ಣನ ಮನೆಯಲ್ಲೇ. ನಾಲ್ಕಾರು ದಿನ ಕಳೆದು ಒಂದು ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಹೆಂಡತಿ ಪುಸ್ತಕ ಹಿಡಿದು ಓಡಿಬಂದಳು.

“ರೀ! ಸೇನಾಪತಿ ಹಡೀತಾನಾ?”

“ಯಾರು?”

“ಸೇನಾಪತಿ! ಕೇಳಿ ಇಲ್ಲಿ. ‘ಸೇನಾಪತಿಯು ಖಡ್ಗ ಹಿರಿದು, ಹಲ್ಲು ಕಚ್ಚಿ, ದಿಕ್ಕುಗಳು ನಡುಗುವಂತೆ ಒಮ್ಮೆ ಚೀರಿ...’ ಪಕ್ಕದ ಪುಟಕ್ಕೆ ಬಂದೆ. ‘ಅವಳಿ ಮಕ್ಕಳನ್ನು ಹೆತ್ತು ಬಳಲಿ ಮಲಗಿರಲು ಸೂಲಗಿತ್ತಿ ನೀರು ಕುಡಿಸಿದಳು.’ ಎರಡು ಸಲ ಓದಿದೀರಲ್ಲ, ಹೇಳಿ!”

ಗೋಂದಣ್ಣ ಬಾಯಿಯ ನೊರೆ ನುಂಗಿದ. ಪುಸ್ತಕ ಕಿತ್ತುಕೊಂಡು ನೋಡಿದರೆ, ಜಿಂಕೆ ಫಾರಂ ಮುಗಿದು ಹುಲಿ ಫಾರಂ ಶುರುವಾಗುವ ಜಾಗ! ನಿಜವಾಗಿ ಹೆತ್ತವಳು ರಾಣಿ, ಆ ಸಾಲಿನ ಮೊದಲರ್ಧ ಇನ್ನೆಲ್ಲೋ ಉಳಿದಿತ್ತು. ಮುಂದೆ ತಿರುವಿದ. ವಿಷ ಕುಡಿದು ಸತ್ತ ರಾಜ ಇನ್ನಷ್ಟು ಪುಟ ಕಳೆದ ಮೇಲೆ ತೊಟ್ಟಿಲಲ್ಲಿ ಕಾಲಾಡಿಸುತ್ತಿದ್ದ. ಪುಸ್ತಕದ ನಟ್ಟನಡುವೆ ದೊಡ್ಡ ಅಕ್ಷರದಲ್ಲಿ ‘ಶುಭಂ’ ಎಂದಿತ್ತು, ಮರುಪುಟದಲ್ಲಿ ಏನೂ ಆಗದವರಂತೆ ಯುದ್ಧ ನಡೆದಿತ್ತು. ಇನ್ನು ಕೊನೆಯ ಸಾಲು, ಬಸವನಹುಳುವಿನ ಕೊನೆಯ ಸಾಲು, ‘ಆಗ ರಾಣಿ ಮೆಲ್ಲನೆ ಬಾಗಿಲು ತೆರೆದು’ ಎಂದಿತ್ತು. ಅಷ್ಟೇ. ತೆರೆದು ಏನು ಮಾಡಿದಳು? ರಟ್ಟು ಬಂದುಬಿಟ್ಟಿತು.

ಎಲ್ಲ ಪ್ರತಿಗಳನ್ನೂ ವಾಪಸ್ ತರಬೇಕು, ಬಿಚ್ಚಬೇಕು, ಮಾವನಿಗೆ ಗೊತ್ತಾಗುವ ಮೊದಲು ಮತ್ತೆ ಹೊಲಿಯಬೇಕು! ಗೋಂದಣ್ಣ ಮುಖ ತೊಳೆಯದೆ ಬೀದಿಯ ತುದಿಯ ಔಷಧಿ ಅಂಗಡಿಗೆ ಓಡಿದ. ಬಿಡುಗಡೆಯ ದಿನ ಮೊದಲ ಪ್ರತಿ ಕೊಂಡವರು ಅಂಗಡಿಯವರೇ. ಅವರು ಪುಸ್ತಕದಿಂದ ತಲೆಯೆತ್ತದೆ ಕುಳಿತಿದ್ದರು. ಔಷಧಿಗೆ ಬಂದಿದ್ದ ಕೆಮ್ಮುವವರು ಎದುರಿಗೆ ಕೆಮ್ಮುತ್ತಲೇ ನಿಂತಿದ್ದರು.

“ಸಾರ್, ಪುಸ್ತಕದ ಅಂಟು ಸರಿಯಾಗಿ ಒಣಗಿಲ್ಲ, ಒಂದೆರಡು ದಿನ ಕೊಟ್ರೆ...”

“ಕೈಗೆ ಅಂಟಿಕೊಂಡ್ರೂ ಸರಿ, ಬಿಡಲ್ಲ!” ಅಂಗಡಿಯವರು ಪುಸ್ತಕವನ್ನು ಎದೆಗವಚಿಕೊಂಡರು. ಅವರ ಕಣ್ಣು ಹೊಳೆಯುತ್ತಿತ್ತು. “ಏನಯ್ಯಾ ನಿನ್ನ ಮಾವ! ಸತ್ತವನು ಹುಟ್ತಾನೆ, ಮುಗಿದದ್ದು ಶುರುವಾಗುತ್ತೆ! ನಂಗೆ ರಹಸ್ಯ ಗೊತ್ತಾಯ್ತು. ಮರೆವಿನ ದೇವರು ಶಾಪ ಕೊಟ್ಟಿರೋದು ಆ ರಾಜ್ಯಕ್ಕಲ್ಲ, ಈ ಪುಸ್ತಕಕ್ಕೇ! ಯಾವುದು ಮೊದಲು ಯಾವುದು ಆಮೇಲೆ ಅಂತ ಕಥೆಗೇ ಮರೆತುಹೋಗಿದೆ!”

“ಹಾಗಂತೀರಾ?” ಎಂದ ಗೋಂದಣ್ಣ.

“ಸುಳ್ಳು!” ಎಂದರು ಕೆಮ್ಮುವವರಲ್ಲಿ ಒಬ್ಬರು. “ಸೇನಾಪತಿ ಮೊದಲಿಂದ್ಲೂ ಹೆಣ್ಣೇ. ವೇಷ! ನಮ್ಮ ಮನೆಯವಳು ನಿನ್ನೆನೇ ಕಂಡುಹಿಡಿದ್ಲು.”

“ನಿಮ್ಮ ಮನೆಯವರಿಗೆ ಏನ್ರೀ ಗೊತ್ತು?” ಎಂದರು ಅಂಗಡಿಯವರು. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಗೋಂದಣ್ಣ ಮೆಲ್ಲಗೆ ಜಾಗ ಖಾಲಿ ಮಾಡಿದ. ಕೆಮ್ಮುತ್ತಿದ್ದವರ ಕೆಮ್ಮು ಮಾತ್ರ ಜಗಳದ ಬಿಸಿಗೆ ತಾನಾಗಿಯೇ ನಿಂತಿತ್ತು.

ಲೈಬ್ರರಿಯಲ್ಲಿ ಇನ್ನೂ ಘೋರ. “ನಿಮಗೂ ಬೇಕಾ? ಸಾಲಲ್ಲಿ ನಿಲ್ಲಿ” ಎಂದರು ಲೈಬ್ರರಿ ಮೇಡಂ. ಸಾಲು ಬಾಗಿಲು ದಾಟಿ ಸೈಕಲ್ ಸ್ಟ್ಯಾಂಡಿನವರೆಗೆ ಹೋಗಿತ್ತು. ಸೇನಾಪತಿಯ ಮಕ್ಕಳ ತಂದೆ ಮಂತ್ರಿ ಎನ್ನುವವರು ಗೋಡೆಯ ಕಡೆ, ಮಿಂಚಿನ ದೇವರು ಎನ್ನುವವರು ಕಿಟಕಿಯ ಕಡೆ. ಪ್ರೆಸ್ಸಿಗೆ ಹೋದರೆ ಯಜಮಾನರು ತಬ್ಬಿಕೊಂಡೇಬಿಟ್ಟರು. “ಎರಡನೇ ಮುದ್ರಣ ಕಣಯ್ಯಾ! ಫಾರಮ್ಮು ಹಿಂದಿನ ಸಲದ ಹಾಗೇ ಜೋಡಿಸ್ಬೇಕು, ಒಂದು ಕೂದಲು ಆಚೀಚೆ ಆಗ್ಬಾರ್ದು!” ಇಂಗು ತಿಂದ ಮಂಗನಂತೆ ನಿಂತ ಗೋಂದಣ್ಣನಿಗೆ ಅವರು ಇನ್ನೊಂದು ಸುದ್ದಿ ಹೇಳಿದರು. ಭಾನುವಾರ ಸಂಜೆ ಲೈಬ್ರರಿ ಹಾಲಿನಲ್ಲಿ ಓದುಗರ ಜೊತೆ ಲೇಖಕರ ಮಾತುಕತೆ.

ಆ ಭಾನುವಾರ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಗೋಂದಣ್ಣ ಬಾಗಿಲ ಪಕ್ಕದ ಕುರ್ಚಿ ಹಿಡಿದ. ಓಡಬೇಕಾಗಿ ಬಂದರೆ ಜಿಂಕೆಯ ಹಾಗೆ ಓಡಬಹುದು ಎಂಬುದು ಅವನ ಲೆಕ್ಕ. ಹೆಂಡತಿ ಪಕ್ಕದಲ್ಲಿ ಕೂತು ಅವನ ತೋಳು ಹಿಡಿದುಕೊಂಡಳು. ಅದು ಪ್ರೀತಿಗೋ, ಓಡದಿರಲೆಂದೋ ಅವನಿಗೆ ತಿಳಿಯಲಿಲ್ಲ.

ವೇದಿಕೆಯ ಮೇಲೆ ಮಾವ ಇಸ್ತ್ರಿ ಅಂಗಿಯಲ್ಲಿ ಮದುಮಗನ ಹಾಗೆ ಕೂತಿದ್ದರು. ಲೈಬ್ರರಿ ಮೇಡಂ ಮೈಕು ಹಿಡಿದು ಹೇಳಿದರು. “ಎಲ್ಲರ ಆಸೆ ಒಂದೇ ಸಾರ್. ಸೇನಾಪತಿ ಹೆರುವ ಭಾಗವನ್ನು ನಿಮ್ಮ ಬಾಯಿಂದಲೇ ಕೇಳ್ಬೇಕು.”

ಮಾವ ನಕ್ಕರು. “ಸೇನಾಪತಿ ಹೆರುವ ಭಾಗವೇ? ಅಂಥದ್ದು ನಾನು ಬರೆದಿಲ್ಲ.”

ಸಭೆ ಬಿದ್ದು ಬಿದ್ದು ನಕ್ಕಿತು. “ಎಂಥ ವಿನಯ!” ಎಂದರು ಔಷಧಿ ಅಂಗಡಿಯವರು. ಮೇಡಂ ಪುಟ ತೆರೆದು ಅವರ ಕೈಗಿತ್ತರು.

ಮಾವ ಕನ್ನಡಕ ಏರಿಸಿದರು. ಓದಿದರು. ಪುಟ ತಿರುಗಿಸಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ನಡುವಿನ ‘ಶುಭಂ’ ನೋಡಿದರು. ಕೊನೆಯ ಪುಟಕ್ಕೆ ಹೋದರು. ಬಾಗಿಲು ತೆರೆದ ರಾಣಿಯನ್ನು ನೋಡಿ ರಟ್ಟನ್ನು ಬೆರಳಿನಿಂದ ತಡವಿದರು. ಮುಂದೇನಾದರೂ ಅಡಗಿದೆಯೋ ಎಂದು ನೋಡಿದ ಹಾಗಿತ್ತು. ಆಮೇಲೆ ಅಷ್ಟು ಜನರ ತಲೆಗಳ ಮೇಲಿಂದ ಅವರ ದೃಷ್ಟಿ ನೇರವಾಗಿ ಬಂದು ಬಾಗಿಲ ಪಕ್ಕದ ಕುರ್ಚಿಯ ಮೇಲೆ ನಿಂತಿತು.

ಗೋಂದಣ್ಣ ತನ್ನ ಅಂಟಂಟು ಬೆರಳುಗಳನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡ.

“ಸಾರ್!” ಔಷಧಿ ಅಂಗಡಿಯವರಿಗೆ ತಡೆಯಲಾಗಲಿಲ್ಲ. “ಕಥೆ ನಡುವೆಯೇ ಮುಗಿದೂ ಯಾಕೆ ಮುಂದುವರಿಯುತ್ತೆ? ಅದೊಂದು ಹೇಳಿಬಿಡಿ!”

ಮಾವ ತಮ್ಮ ಪುಸ್ತಕ ನೋಡಿದರು. ಎದುರಿಗಿದ್ದ ಮುಖಗಳನ್ನು ನೋಡಿದರು. ಹೆಡ್‌ಮಾಸ್ತರಾಗಿದ್ದ ಕಾಲದಲ್ಲೂ ಇಷ್ಟು ಮಂದಿ, ಇಷ್ಟು ಬಾಯಿ ತೆರೆದುಕೊಂಡು, ಅವರ ಉತ್ತರಕ್ಕೆ ಕಾದಿರಲಿಲ್ಲ.

“ಒಬ್ಬರ ಕಥೆ ಮುಗಿದ ಮೇಲೂ,” ಎಂದರು ನಿಧಾನವಾಗಿ, “ಲೋಕದ ಕಥೆ ಮುಂದುವರಿಯಲ್ವೇನ್ರಿ?”

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು! ಮಾವನ ಬೆನ್ನು ನೆಟ್ಟಗಾಯಿತು.

“ಮರೆವಿನ ದೇವರ ಶಾಪ ಪುಸ್ತಕಕ್ಕೇ ತಟ್ಟಿದೆ ಅಂತ ನಾನಂದೆ. ಸರಿಯಾ?”

“ಕಂಡುಹಿಡಿದುಬಿಟ್ಟಿರಲ್ಲ!” ಎಂದರು ಮಾವ, ಸಿಕ್ಕಿಬಿದ್ದ ಕಳ್ಳನ ನಗು ನಕ್ಕು. ಔಷಧಿ ಅಂಗಡಿಯವರು ಎದ್ದುನಿಂತು ನಾಲ್ಕೂ ದಿಕ್ಕಿಗೆ ಕೈಮುಗಿದರು.

“ಸೇನಾಪತಿ ಹೆಣ್ಣು ಅಂತ ಮೊದಲೇ ಯೋಚಿಸಿದ್ರಾ?”

“ಸೇನಾಪತಿ ನನಗೂ ಹೇಳಿರ್ಲಿಲ್ಲ.”

ಜನ ಹುಚ್ಚೆದ್ದರು. ಗೋಡೆಯ ಕಡೆಯವರೂ ಕಿಟಕಿಯ ಕಡೆಯವರೂ ಒಟ್ಟಿಗೆ ಎದ್ದು ಕೂಗಿದರು. “ಮಕ್ಕಳ ತಂದೆ ಯಾರು? ಮಂತ್ರಿಯೋ ಮಿಂಚಿನ ದೇವರೋ? ರಾಣಿ ಬಾಗಿಲು ತೆರೆದು ಯಾರನ್ನ ನೋಡಿದ್ಲು? ಈಗ್ಲೇ ಹೇಳಿ!”

ಗೋಂದಣ್ಣ ಕಣ್ಣು ಮುಚ್ಚಿಕೊಂಡ. ಇದಕ್ಕೆ ಯಾವ ದೇವರ ಬಳಿಯೂ ಉತ್ತರವಿರಲಿಲ್ಲ.

ಮಾವ ಮೈಕನ್ನು ಹತ್ತಿರಕ್ಕೆಳೆದುಕೊಂಡರು. “ಅದು,” ಎಂದರು, “ಎರಡನೇ ಸಂಪುಟದಲ್ಲಿ!”

ಆ ಗದ್ದಲದಲ್ಲಿ ಪ್ರೆಸ್ಸಿನ ಯಜಮಾನರು ಕುರ್ಚಿಯ ಮೇಲೆ ಹತ್ತಿ ಕುಣಿದದ್ದನ್ನು ಕಂಡವರಿದ್ದಾರೆ.

ಹಾಲಿನಿಂದ ಮನೆಯವರೆಗೆ ಮೂವರೂ ನಡೆದೇ ಬಂದರು. ಮಾವ ಮಾಮೂಲಿನಂತೆ ಕುರ್ಚಿಯಲ್ಲಿ ಕೂತರು, ಮಗಳು ಅಡುಗೆಮನೆಗೆ ಹೋದಳು, ಗೋಂದಣ್ಣ ಸ್ವಿಚ್ಚಿನ ಪಕ್ಕದಲ್ಲಿ ಅಪರಾಧಿಯ ಹಾಗೆ ನಿಂತ. ಮಾವನ ಹಣೆಯ ಮೇಲೆ ಬೆವರು ಮೂಡಿತ್ತು. ಅಡುಗೆಮನೆಯಲ್ಲಿ ಮಗಳು ಸಂದೇಶಕ್ಕೆ ಕಿವಿಗೊಟ್ಟು ಸಿದ್ಧಳಾಗಿದ್ದಳು. ಮಾವ ಆ ಕಡೆ ತಿರುಗಲೇ ಇಲ್ಲ.

“ಫ್ಯಾನ್ ಹಾಕಿ” ಎಂದರು.

ಗೋಂದಣ್ಣ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ. ಗೋಡೆ ಮಾತ್ರ ಇತ್ತು. ಸ್ವಿಚ್ಚು ಒತ್ತಿದ.

“ನೀವು ಓದಿರ್ಲಿಲ್ಲ.”

“ಇಲ್ಲ, ಮಾವ. ಮೂರನೇ ಪುಟಕ್ಕೆ ನಿದ್ದೆ ಬಂತು. ಪ್ರಾಣಿಗಳ ಓಟ ನೋಡಿಕೊಂಡು ಜೋಡಿಸಿಬಿಟ್ಟೆ. ತಪ್ಪಾಯ್ತು.”

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಮೂರನೇ ಪುಟದವರೆಗೆ ಬಂದ್ರಾ?” ಎಂದರು. “ಲೈಬ್ರರಿ ಮೇಡಮ್ಮಿಗೆ ಮೊದಲೇ ಓದೋಕೆ ಕೊಟ್ಟಿದ್ದೆ. ಎರಡನೇ ಪುಟದಲ್ಲಿ ಗುರುತಿಗೆ ಹಾಕಿದ ಕಡ್ಡಿ ಅಲ್ಲೇ ಇತ್ತು. ಜಡ್ಜ್ ಸಾಹೇಬರಿಗೂ ಕೊಟ್ಟಿದ್ದೆ, ಕಟ್ಟಿನ ದಾರ ಕೂಡ ಬಿಚ್ಚಿರ್ಲಿಲ್ಲ. ಅಷ್ಟು ವರ್ಷ ಕೂತು ಬರೆದೆ, ಒಬ್ಬರೂ ರಾಜನ್ನ ಸಿಂಹಾಸನ ಹತ್ತಿಸ್ಲಿಲ್ಲ. ಇವತ್ತು ನೋಡಿದ್ರಾ ಆ ಜನಾನ? ಅವರೆಲ್ಲ ಕೊನೆಯ ಸಾಲಿನವರೆಗೆ ಓದಿದಾರೆ!” ಅವರು ಕಣ್ಣೊರೆಸಿಕೊಂಡರು. ಗೋಂದಣ್ಣನ ಕಣ್ಣಲ್ಲೂ ನೀರು ಬಂತು. ಈ ಸಲ ಆಕಳಿಕೆಯದಲ್ಲ.

ಮಾವ ಚೀಲದಿಂದ ಹೊಸ ಹಾಳೆಗಳ ಕಟ್ಟೊಂದನ್ನು ತೆಗೆದರು. ಮೊದಲನೆಯದು ಅಚ್ಚಿಗೆ ಹೋದಾಗಲೇ ಶುರು ಮಾಡಿದ್ದ ಎರಡನೇ ಸಂಪುಟ ಅರ್ಧ ಬರೆದಾಗಿತ್ತು. “ಈ ಸಲ ವಾಹನ ಬೇಡ. ದೇವತೆಗಳ ಆಯುಧದ ಚಿತ್ರ ಹಾಕಿಸ್ತೀನಿ. ಜೋಡಿಸೋದು ನೀವೇ.”

ಗೋಂದಣ್ಣನ ಹೃದಯ ತುಂಬಿ ಬಂತು. ಇಂಥ ನಂಬಿಕೆಗೆ ತಾನು ಯೋಗ್ಯನಾಗಬೇಡವೇ? ಅವನು ಹಾಳೆಗಳ ಮೇಲೆ ಕೈಯಿಟ್ಟು ಹೇಳಿದ.

“ಈ ಸಲ ಮೋಸ ಮಾಡಲ್ಲ, ಮಾವ. ನಿಮ್ಮಾಣೆ, ಮೊದಲನೇ ಅಕ್ಷರದಿಂದ ಕೊನೆಯವರೆಗೂ ಓದಿಯೇ ಜೋಡಿಸ್ತೀನಿ.”

ಮಾವ ಕುರ್ಚಿಯಿಂದ ಗಾಬರಿಯಾಗಿ ಎದ್ದು, ಅವನ ಎರಡೂ ಕೈ ಹಿಡಿದುಕೊಂಡರು.

“ಅಯ್ಯಯ್ಯೋ, ಅದೊಂದು ಮಾತ್ರ ಮಾಡ್ಬೇಡಿ, ಅಳಿಯಂದಿರೇ!”

ಅಡುಗೆಮನೆಯಲ್ಲಿ ಮತ್ತೆ ಸೌಟು ಬಿತ್ತು.